‘ಮಾಗಿಸು’ ಎಂಬುದು ಬಿಯರಿಗೆ ಒಪ್ಪುವುದೇ?

ಮಾನ್ಯರೇ,

ಜರ್ಮನಿಯಲ್ಲಿರುವ ನನ್ನ ಸೋದರಳಿಯ ಮನೆಯಲ್ಲೇ ಬಿಯರ್ ಮಾಡುವ ಕ್ರಮವನ್ನು ಬರೆದು ಕಳುಹಿಸಿದ್ದಾನೆ. ಅದನ್ನು ಕುಂಬಳೆಯಲ್ಲಿ ಕುಳಿತು ಕನ್ನಡಕ್ಕೆ ತರುತ್ತಿರುವ ನನಗೆ ‘ಕಂಡಿಷನಿಂಗ್’ ಎಂಬ ಒಂದು ಪದ ದಾರಿ ಬಿಡುತ್ತಿಲ್ಲ.

ಹುದುಗು ಮುಗಿದ ಮೇಲೂ ಬಿಯರನ್ನು ಕೆಲವು ದಿನ ಹಾಗೆಯೇ ಬಿಟ್ಟರೆ, ಬೆಣ್ಣೆಯ ವಾಸನೆ ಕೊಡುವ ಡೈಅಸಿಟೈಲನ್ನು ಯೀಸ್ಟ್ ಮರಳಿ ಹೀರಿಕೊಳ್ಳುತ್ತದೆ. ಬಳಿಕ 0ರಿಂದ 2 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಟ್ಟಾಗ ಯೀಸ್ಟ್ ತಳಕ್ಕಿಳಿದು ಮೇಲಿನದು ತಿಳಿಯಾಗುತ್ತದೆ. ಕೊನೆಗೆ 19 ಲೀಟರಿನ ಉಕ್ಕಿನ ಕೆಗ್ಗಿಗೆ, ಅಂದರೆ ಬಿಗಿಯಾಗಿ ಮುಚ್ಚುವ ಬಿಯರಿನ ಪಾತ್ರೆಗೆ, ತುಂಬಿ, ಸುಮಾರು 4 ಡಿಗ್ರಿಯಲ್ಲಿ 12 ಪಿಎಸ್‌ಐ ಒತ್ತಡದಲ್ಲಿ ಇಂಗಾಲದ ಡೈಆಕ್ಸೈಡನ್ನು ಒಂದು ವಾರ ಊಡಿಸುತ್ತಾರೆ. ಇಷ್ಟನ್ನೂ ಅವನು ಆ ಒಂದೇ ಪದದಲ್ಲಿ ಹೇಳುತ್ತಾನೆ.

‘ಹದಗೊಳಿಸು’ ಎಂದರೆ ಮಣ್ಣನ್ನೋ ತೊಗಲನ್ನೋ ಕೈಯಿಂದ ತಿದ್ದಿದಂತಾಗುತ್ತದೆ. ಇಲ್ಲಿ ಕಾಯುವುದೇ ಹೆಚ್ಚಿನ ಕೆಲಸ. ‘ಕಳಿ’ ಎಂದರೆ ಹಣ್ಣು ಕೈಮೀರಿದ ಹಾಗೆ. ನಮ್ಮ ಊರಿನ ಕಳ್ಳಿನ ಕಸುಬಿನಲ್ಲಿ ಹುಡುಕಿದರೂ ಪ್ರಯೋಜನವಿಲ್ಲ, ಏಕೆಂದರೆ ಕಳ್ಳು ಮರದ ಮೇಲಿನ ಮಡಕೆಯಲ್ಲೇ ಹುದುಗತೊಡಗುತ್ತದೆ, ಇಳಿಸಿದ ದಿನವೇ ಖರ್ಚಾಗುತ್ತದೆ, ಹೆಚ್ಚು ದಿನ ಇಟ್ಟರೆ ಹುಳಿಯಾಗುತ್ತದೆ. ಇಟ್ಟಷ್ಟೂ ಸುಧಾರಿಸುವ ಪದಾರ್ಥ ನಮ್ಮಲ್ಲಿ ಉಪ್ಪಿನಕಾಯಿ. ಅಮ್ಮ ಕಲ್ಲುಪ್ಪು ಬೆರೆಸಿ ಭರಣಿಗೆ ತುಂಬಿದ ಮಾವಿನಮಿಡಿ ನೀರು ಬಿಟ್ಟು ಚಿರುಟುವವರೆಗೆ ಖಾರ ಅರೆಯುತ್ತಿರಲಿಲ್ಲ. ದಿನಕ್ಕೊಮ್ಮೆ ಬಾಯಿಬಟ್ಟೆ ಬಿಚ್ಚಿ, ಮರದ ಸಟ್ಟುಗದಲ್ಲಿ ಅಡಿಮೇಲು ಮಾಡಿ, ಮತ್ತೆ ಕಟ್ಟಿಡುತ್ತಿದ್ದರು. ಆ ಕಾಯುವಿಕೆಯ ಭಾವ ‘ಮಾಗಿಸು’ವಿನಲ್ಲಿದೆ ಎಂದು ನನಗೆ ಅನಿಸುತ್ತದೆ. ‘ಲಾಗರ್’ ಎಂಬ ಬಿಯರ್ ಬಗೆಯ ಹೆಸರೂ ದಾಸ್ತಾನಿಡು ಎಂಬ ಅರ್ಥದ ಜರ್ಮನ್ ಕ್ರಿಯಾಪದದಿಂದಲೇ ಬಂದದ್ದು.

ಆದರೆ ಹೊರಗಿನಿಂದ ಅನಿಲ ಊಡಿಸುವುದನ್ನು ಮಾಗಿಸುವುದು ಎನ್ನಲು ಮನಸ್ಸು ಒಪ್ಪುತ್ತಿಲ್ಲ. ಅದಕ್ಕೆ ‘ನೊರೆಗೂಡಿಸು’ ಎಂದು ಬೇರೆಯೇ ಬರೆದಿದ್ದೇನೆ.

ತಳದಲ್ಲಿ ನಿಂತದ್ದಕ್ಕೆ ನಿಘಂಟಿನ ‘ಗಸಿ’ ಸರಿಯಾದ ಪದವೇ. ಆದರೆ ಕಾಸರಗೋಡಿನಿಂದ ಮಂಗಳೂರಿನವರೆಗೆ ಗಸಿ ಎಂದರೆ ತೆಂಗಿನಕಾಯಿ ಅರೆದು ಹಾಕಿದ ದಪ್ಪ ಪದಾರ್ಥ, ಹಾಗಾಗಿ ‘ಮಡ್ಡಿ’ ಎಂದೇ ಇಟ್ಟೆ. ಕೆಗ್ಗಿಗೆ ‘ಪೀಪಾಯಿ’ ಎಂದರೆ ಮರದ್ದು ಕಣ್ಣಿಗೆ ಕಟ್ಟುವುದರಿಂದ ಅದನ್ನು ಬದಲಿಸಿಲ್ಲ.

‘ಮಾಗಿಸು’ ಪದವನ್ನು ದ್ರವ ಪದಾರ್ಥಕ್ಕೆ, ಹಣ್ಣಿನ ನೆರಳಿಲ್ಲದೆ, ನಿಮ್ಮ ಕಡೆ ಬಳಸುವುದುಂಟೇ? ಅರಿಷ್ಟ, ಆಸವಗಳನ್ನು ಮನೆಯಲ್ಲಿ ಮಾಡುತ್ತಿದ್ದ ವೈದ್ಯ ಮನೆತನದವರು ಭರಣಿಯ ಬಾಯಿ ಮುಚ್ಚಿಟ್ಟ ದಿನಗಳಿಗೆ ಏನೆನ್ನುತ್ತಿದ್ದರೆಂದು ತಿಳಿದವರು ದಯವಿಟ್ಟು ಬರೆಯಬೇಕು.