ಹಳೆಯ ಅಂಬಾಸಿಡರ್‌ನ ಮುಂದಿನ ಸಸ್ಪೆನ್ಷನ್ ಬುಷ್: ರಬ್ಬರ್ ಹಾಕಿಸಬೇಕೋ, ಪಾಲಿಯುರೇಥೇನ್ ಹಾಕಿಸಬೇಕೋ?

ಪ್ರಶ್ನೆ (ಮೂಡಿಗೆರೆಯಿಂದ)

ಮಾನ್ಯರೇ, ನಮ್ಮ ತಂದೆಯವರ ಕಾಲದಿಂದ ಮನೆಯಲ್ಲಿರುವ 1978ರ ಅಂಬಾಸಿಡರ್ ಮಾರ್ಕ್ 3 ಈಗಲೂ ಓಡಾಡುವ ಸ್ಥಿತಿಯಲ್ಲಿದೆ. ಈ ಮಳೆಗಾಲ ಕಳೆದ ಮೇಲೆ, ಕೊಟ್ಟಿಗೆಹಾರದ ಕಡೆಗೆ ಹೋಗುವಾಗ ಹೊಂಡದಲ್ಲಿ ಬ್ರೇಕ್ ಒತ್ತಿದರೆ ಮುಂದಿನ ಎಡಗಡೆಯಿಂದ ಟಕ್ಕೆಂಬ ಸದ್ದು ಬರುತ್ತಿದೆ. ಚಾರ್ಮಾಡಿ ಘಾಟಿಯ ಇಳಿಜಾರಿನಲ್ಲಿ ಸ್ಟೀರಿಂಗನ್ನು ನೇರವಾಗಿ ಹಿಡಿದಿದ್ದರೂ ಕಾರು ಎಡಕ್ಕೆ ಎಳೆಯುತ್ತದೆ; ಎಡ ಟೈರಿನ ಒಳ ಅಂಚು ಬೇಗ ಸವೆದಿದೆ. ಕೆಳಗಿನ ಆರ್ಮ್‌ನ (ಚಕ್ರವನ್ನು ಚಾಸಿಗೆ ಜೋಡಿಸುವ ತೋಳು) ಐಬೋಲ್ಟ್ ಬುಷ್‌ಗಳ (ಆರ್ಮ್ ಆಡುವ ಕೀಲಿನ ಮೆತ್ತೆಗಳು) ರಬ್ಬರ್ ಬಿರುಕು ಬಿಟ್ಟು, ಒಂದು ಬದಿಗೆ ಉಬ್ಬಿಕೊಂಡಿರುವುದು ಕಣ್ಣಿಗೇ ಕಾಣುತ್ತದೆ. ಹಿಂದೊಮ್ಮೆ ಗ್ಯಾರೇಜೊಂದರಲ್ಲಿ ಇವನ್ನೇ ಬದಲಾಯಿಸಿಕೊಟ್ಟಿದ್ದರು, ಆದರೆ ಅವು ಒಂದು ಮಳೆಗಾಲವನ್ನೂ ಸರಿಯಾಗಿ ತಾಳಲಿಲ್ಲ. ಈ ಬಾರಿ ಪಾಲಿಯುರೇಥೇನ್ (ರಬ್ಬರಿಗಿಂತ ಗಡುಸಾದ ಕೃತಕ ವಸ್ತು) ಬುಷ್ ಹಾಕಿಸಿದರೆ ಹೆಚ್ಚು ಕಾಲ ಬಾಳಿಕೆ ಬರುವುದೇ? ಟಾರ್ಷನ್ ಬಾರ್ (ಸ್ಪ್ರಿಂಗಿನಂತೆ ತಿರುಚಿಕೊಂಡು ಭಾರ ಹೊರುವ ಉಕ್ಕಿನ ಸರಳು) ಬಿಚ್ಚದೆ ಈ ಕೆಲಸ ಮುಗಿಯುವುದೇ?

ಉತ್ತರ (ಹಾಸನದಿಂದ)

ನೀವು ಹೇಳಿದ ಲಕ್ಷಣಗಳು ಬುಷ್ ಸವೆತಕ್ಕೆ ಹೊಂದುತ್ತವೆ. ಕೆಳಗಿನ ಆರ್ಮ್‌ನ ಬುಷ್ ಸಡಿಲವಾದರೆ ಗಾಡಿಯ ಭಾರಕ್ಕೆ ಚಕ್ರದ ತಳಭಾಗ ಹೊರಕ್ಕೆ ಸರಿದು, ಟೈರಿನ ಒಳ ಅಂಚು ಸವೆಯುತ್ತದೆ. ಆದರೂ ಬಿಡಿಭಾಗ ತರಿಸುವ ಮೊದಲು ಒಂದು ಪರೀಕ್ಷೆ ಮಾಡಿ. ಕೆಳಗಿನ ಆರ್ಮ್‌ನ ಅಡಿಗೆ ಜಾಕ್ ಕೊಟ್ಟು ಚಕ್ರವನ್ನು ನೆಲದಿಂದ ಎತ್ತಿ, ಮೇಲೆ ಮತ್ತು ಕೆಳಗೆ ಹಿಡಿದು ಅಲ್ಲಾಡಿಸಿ. ಆಟ (ಸಡಿಲ) ಕಂಡರೆ ಇನ್ನೊಬ್ಬರಿಂದ ಬ್ರೇಕ್ ಒತ್ತಿಸಿ ಮತ್ತೆ ಅಲ್ಲಾಡಿಸಿ. ಬ್ರೇಕ್ ಒತ್ತಿದಾಗ ಆಟ ನಿಂತುಹೋದರೆ ದೋಷ ವೀಲ್ ಬೇರಿಂಗಿನದು. ಆಗಲೂ ಉಳಿದರೆ ಟ್ರನಿಯನ್‌ನ (ಚಕ್ರದ ಕಂಬವನ್ನು ಆರ್ಮ್‌ಗೆ ಜೋಡಿಸುವ ತಿರುಪಿನ ಕೀಲು) ಮರೆ, ಅಂದರೆ ತಿರುಪಿನ ಎಳೆ, ಸವೆದಿದೆ ಎಂದರ್ಥ. ಅದನ್ನು ಹಾಗೆಯೇ ಬಿಟ್ಟು ಘಾಟಿ ಇಳಿಯಬೇಡಿ, ಮರೆ ಪೂರ್ತಿ ಕಿತ್ತುಹೋದರೆ ಚಕ್ರವೇ ಮಡಚಿಕೊಳ್ಳುತ್ತದೆ. ಗ್ರೀಸ್ ಕಾಣದೆ ಸವೆದ ಟ್ರನಿಯನ್ ಇಟ್ಟುಕೊಂಡು ಹೊಸ ಬುಷ್ ಹಾಕಿಸುವುದರಿಂದ ಏನೂ ಉಪಯೋಗವಿಲ್ಲ.

ಹಿಂದಿನ ಬುಷ್‌ಗಳು ಬೇಗ ಹಾಳಾದುದಕ್ಕೆ ರಬ್ಬರಿನ ಗುಣಮಟ್ಟಕ್ಕಿಂತ ಬಿಗಿದ ರೀತಿಯೇ ಕಾರಣವಾಗಿರಬಹುದು ಎಂಬುದು ನನ್ನ ಅನುಮಾನ. ರಬ್ಬರ್ ಬುಷ್ ತನ್ನ ಜಾಗದಲ್ಲಿ ಜಾರುವುದಿಲ್ಲ. ಒಳಗೂ ಹೊರಗೂ ಕಚ್ಚಿಕೊಂಡು, ಆರ್ಮ್ ಮೇಲೆ ಕೆಳಗೆ ಆಡಿದಷ್ಟೂ ತಾನೇ ತಿರುಚಿಕೊಳ್ಳುತ್ತದೆ. ಕಾರು ಜಾಕ್ ಮೇಲಿದ್ದು ಚಕ್ರ ಜೋತುಬಿದ್ದಿರುವಾಗಲೇ ನಟ್ಟನ್ನು ಪೂರ್ತಿ ಬಿಗಿದುಬಿಟ್ಟರೆ, ಕಾರನ್ನು ನೆಲಕ್ಕೆ ಇಳಿಸಿದ ಕ್ಷಣದಿಂದಲೇ ರಬ್ಬರ್ ತಿರುಚಿದ ಸ್ಥಿತಿಯಲ್ಲಿ ಉಳಿಯುತ್ತದೆ, ಮತ್ತು ಪ್ರತಿ ಹೊಂಡದಲ್ಲೂ ಅದೇ ದಿಕ್ಕಿಗೆ ಇನ್ನಷ್ಟು ಎಳೆದಾಡಿ ಹರಿಯುತ್ತದೆ. ಆದ್ದರಿಂದ ನಟ್ಟನ್ನು ಮೊದಲು ಕೈಬಿಗಿಗೆ ಬಿಟ್ಟು, ನಾಲ್ಕೂ ಚಕ್ರಗಳ ಮೇಲೆ ಕಾರನ್ನು ನಿಲ್ಲಿಸಿ, ಮುಂಭಾಗವನ್ನು ಕೆಲವು ಸಲ ಒತ್ತಿ ಬಿಟ್ಟು, ಕಾರು ತನ್ನ ಸಹಜ ಎತ್ತರಕ್ಕೆ ಕುಳಿತ ಮೇಲೆ ಕೊನೆಯ ಬಿಗಿತ ಕೊಡಬೇಕು. ಪಿಟ್ ಅಥವಾ ರ‍್ಯಾಂಪ್ ಇರುವ ಗ್ಯಾರೇಜನ್ನೇ ಹುಡುಕಿ ಎನ್ನುವುದು ಇದಕ್ಕಾಗಿ.

ಟಾರ್ಷನ್ ಬಾರ್ ವಿಷಯದಲ್ಲಿ ಆತುರ ಬೇಡ. ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಎಂಬ ಬ್ರಿಟಿಷ್ ಕಾರಿನಿಂದ ಬಂದ ಈ ವಿನ್ಯಾಸದಲ್ಲಿ ಕಾಯಿಲ್ ಸ್ಪ್ರಿಂಗ್ ಇಲ್ಲ, ಮುಂಭಾಗದ ಭಾರವನ್ನೆಲ್ಲ ತಿರುಚಿಕೊಂಡ ಆ ಉಕ್ಕಿನ ಸರಳೇ ಹೊತ್ತಿರುತ್ತದೆ. ಬುಷ್ ಹೊರಬರಲು ಕೆಳಗಿನ ಆರ್ಮನ್ನು ಬಿಡಿಸಬೇಕು. ಚಾಸಿಯನ್ನು ಸ್ಟ್ಯಾಂಡ್ ಮೇಲೆ ಭದ್ರವಾಗಿ ನಿಲ್ಲಿಸಿ, ಆರ್ಮ್‌ನ ಅಡಿಗೆ ಜಾಕ್ ಕೊಟ್ಟು, ಬಾರ್‌ನ ತಿರುಚು ಪೂರ್ತಿ ಕಳೆಯುವವರೆಗೆ ಜಾಕನ್ನು ನಿಧಾನವಾಗಿ ಇಳಿಸಬೇಕು. ಬಾರ್ ಯಾವ ಹಲ್ಲಿನಲ್ಲಿ ಕೂತಿತ್ತು ಎಂಬುದನ್ನು ಮೊದಲೇ ಪೇಂಟಿನಿಂದ ಗುರುತಿಸಿ. ಪಂಚ್ ಹೊಡೆದು ಗುರುತು ಮಾಡಲು ಬಿಡಬೇಡಿ, ಅಂಥ ಗಾಯದಿಂದಲೇ ಬಾರ್ ಬಿರುಕು ಬಿಡುವುದುಂಟು. ಎಡದ ಬಾರನ್ನು ಬಲಕ್ಕೆ ಹಾಕಲೂಬಾರದು.

ಉತ್ತರ (ಚಿಕ್ಕಮಗಳೂರಿನಿಂದ)

ಮೇಲಿನವರ ಮಾತಿಗೆ ನನ್ನ ಸಹಮತವಿದೆ. ನೀವು ಕೇಳಿದ ಪಾಲಿಯುರೇಥೇನ್ ಬಗ್ಗೆ ಹೇಳುವುದಾದರೆ, ಅದನ್ನು ಸುಲಭವಾಗಿ ತಳ್ಳಿಹಾಕಲಾರೆ. ಹಳೆಯ 1489 ಸಿಸಿ ಪೆಟ್ರೋಲ್ ಎಂಜಿನ್‌ಗಳಲ್ಲಿ ಆಯಿಲ್ ಸೋರದ ಕಾರು ಅಪರೂಪ. ಆ ಆಯಿಲ್ ಬಿದ್ದಲ್ಲಿ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ, ಪಾಲಿಯುರೇಥೇನ್‌ಗೆ ಅಷ್ಟು ತೊಂದರೆಯಿಲ್ಲ. ಆದರೆ ಅದರ ಗಡಸುತನ ಶೋರ್ ಎ ಮಾಪನದಲ್ಲಿ ಸಾಮಾನ್ಯವಾಗಿ 80ರಿಂದ 95ರವರೆಗೆ ಇರುವುದರಿಂದ, ತೋಟದ ಕಲ್ಲುದಾರಿಯ ಪ್ರತಿ ಕುಲುಕೂ ಕಾರಿನ ಬಾಡಿಯವರೆಗೆ ತಲುಪುತ್ತದೆ. ಅದು ರಬ್ಬರಿನಂತೆ ತಿರುಚಿಕೊಳ್ಳದೆ ಬುಷ್‌ನ ಒಳಗಿನ ಲೋಹದ ಕೊಳವೆಯ (ಸ್ಲೀವ್) ಮೇಲೆ ಜಾರುವುದರಿಂದ ಸಿಲಿಕೋನ್ ಗ್ರೀಸ್ ಬೇಕೇ ಬೇಕು. ಮಲೆನಾಡಿನ ಕೆಸರಿನಲ್ಲಿ ಗ್ರೀಸ್ ತೊಳೆದುಹೋದರೆ ಕಿರಗುಟ್ಟುವ ಸದ್ದನ್ನು ತಾಳಿಕೊಳ್ಳಬೇಕಾಗುತ್ತದೆ. ಮನೆಯವರನ್ನು ಕೂರಿಸಿಕೊಂಡು ಓಡಾಡುವ ಕಾರಿಗೆ ನಾನಾದರೆ ಆಯಿಲ್ ಸೋರಿಕೆ ನಿಲ್ಲಿಸಿ ಒಳ್ಳೆಯ ರಬ್ಬರನ್ನೇ ಹಾಕಿಸುತ್ತೇನೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಟ್ರನಿಯನ್‌ನಲ್ಲಿ ಆಟವಿಲ್ಲ, ಪರೀಕ್ಷಿಸಿದೆ. ರಬ್ಬರನ್ನೇ ಹಾಕಿಸುತ್ತೇನೆ. ಬುಷ್ ಕೂರಿಸುವಾಗ ಗ್ರೀಸ್ ಹಚ್ಚುವುದು ಸರಿಯೇ? ಅಸಲಿ ಬುಷ್ ಗುರುತಿಸುವುದು ಹೇಗೆ?

ಉತ್ತರ (ಹಾಸನದಿಂದ)

ಸಾಮಾನ್ಯ ಗ್ರೀಸ್ ಬೇಡ, ಅದೂ ಪೆಟ್ರೋಲಿಯಂ ವಸ್ತುವೇ ಆದ್ದರಿಂದ ರಬ್ಬರನ್ನು ಕೆಡಿಸುತ್ತದೆ. ಸೋಪಿನ ನೀರು ಸಾಕು. 2014ರಲ್ಲಿ ಉತ್ತರಪಾಡಾದ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿಕೆ ನಿಂತ ಮೇಲೆ ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಹುಡುಕಬೇಕಾಗಿದೆ. ಪೊಟ್ಟಣದ ಮೇಲಿನ ಹೆಸರನ್ನು ನಂಬುವ ಬದಲು ಬುಷ್ಷನ್ನು ಉಗುರಿನಿಂದ ಒತ್ತಿ ನೋಡಿ: ಒಳ್ಳೆಯ ರಬ್ಬರ್ ತಗ್ಗಿ ತಕ್ಷಣ ಮೇಲೇಳುತ್ತದೆ, ವರ್ಷಗಟ್ಟಲೆ ಕಪಾಟಿನಲ್ಲಿ ಕೂತದ್ದು ಗಟ್ಟಿಯಾಗಿ, ಬಗ್ಗಿಸಿದರೆ ಸಣ್ಣ ಬಿರುಕು ತೋರಿಸುತ್ತದೆ. ಎಡಬಲ ಎರಡೂ ಕಡೆಯವನ್ನು ಒಟ್ಟಿಗೇ ಬದಲಾಯಿಸಿ. ಕೆಳಗಿನ ಆರ್ಮ್ ಹಿಂದೆ ಮುಂದೆ ಸರಿಯದಂತೆ ಹಿಡಿಯುವ ರಾಡಿನ ರಬ್ಬರ್‌ಗಳನ್ನೂ ಅದೇ ವೇಳೆ ಹಾಕಿಸಿ, ಬ್ರೇಕ್ ಒತ್ತಿದಾಗಿನ ಟಕ್ ಸದ್ದಿನಲ್ಲಿ ಅವುಗಳ ಪಾಲೂ ಇರುತ್ತದೆ. ನೂರಿನ್ನೂರು ಕಿಲೋಮೀಟರ್ ಓಡಿಸಿ ಬುಷ್ ಹೊಂದಿಕೊಂಡ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ನೋಡಿ, ಆಮೇಲೆಯೇ ವೀಲ್ ಅಲೈನ್‌ಮೆಂಟ್ ಮಾಡಿಸಿ.