ಸಿಬಿಲ್ ವರದಿಯಲ್ಲಿ ನನ್ನದಲ್ಲದ ಬೈಕ್ ಸಾಲ: ದೂರು ಕೊಡಲೇ?

ಪ್ರಶ್ನೆ (ಶಾಲಾ ಶಿಕ್ಷಕಿ):
ಗೃಹಸಾಲದ ಅರ್ಜಿ ತಿರಸ್ಕೃತವಾಯಿತು. "ನಿಮ್ಮ ಸಿಬಿಲ್ ಸರಿಯಿಲ್ಲ" ಎಂದಷ್ಟೇ ಹೇಳಿ ಕಾಗದಗಳನ್ನು ಹಿಂದಿರುಗಿಸಿದರು. ನಮ್ಮ ಸಾಲಗಳ ದಾಖಲೆ ಇಟ್ಟು ಅಂಕ ಕೊಡುವ ಸಂಸ್ಥೆಯಂತೆ ಈ ಸಿಬಿಲ್. ರಾತ್ರಿ ಕುಳಿತು ಅದರ ವರದಿ ತೆಗೆದರೆ ಅಂಕ 641. 2022ರಲ್ಲೇ ತೀರಿಸಿದ ವೈಯಕ್ತಿಕ ಸಾಲಕ್ಕೆ ಇನ್ನೂ 11,340 ರೂಪಾಯಿ ಬಾಕಿ ತೋರಿಸುತ್ತಿದೆ. ಹಳೆಯ ಕ್ರೆಡಿಟ್ ಕಾರ್ಡಿನ ಮುಂದೆ "ಸೆಟಲ್ಡ್" ಎಂದಿದೆ. ಶುಲ್ಕದ ತಕರಾರಿನಲ್ಲಿ ಬಡ್ಡಿ ಬೆಳೆದಾಗ, ವಸೂಲಿಯವರು ಅರ್ಧ ಕಟ್ಟಿ ಮುಗಿಸಿ ಎಂದಿದ್ದರು, ಕಟ್ಟಿದ್ದೆ. ಮೂರನೆಯದು ಬೈಕ್ ಸಾಲ. ನನಗೆ ಬೈಕ್ ಓಡಿಸಲೂ ಬರುವುದಿಲ್ಲ! ಮೂರಕ್ಕೂ ದೂರು ಕೊಡಲೇ? ಪದೇ ಪದೇ ವರದಿ ನೋಡಿದರೆ ಅಂಕ ಇಳಿಯುತ್ತದೆಯಂತೆ, ನಿಜವೇ?

ಉತ್ತರ 1 (ನಿವೃತ್ತ ಬ್ಯಾಂಕ್ ನೌಕರ, ಸಾಲ ವಿಭಾಗ):
ಮೇಡಂ, ಆ ಹೆದರಿಕೆ ಬಿಡಿ. ನಿಮ್ಮ ವರದಿಯನ್ನು ನೀವೇ ನೋಡಿಕೊಂಡರೆ ಅಂಕ ಕಡಿಮೆಯಾಗುವುದಿಲ್ಲ. ಆದರೆ ಸಾಲ ಕೇಳಿದಾಗಲೆಲ್ಲ ಬ್ಯಾಂಕು ನೋಡಿದ್ದು ದಾಖಲಾಗುತ್ತದೆ. ಆದ್ದರಿಂದ ಈಗ ಅವಸರದಲ್ಲಿ ಇನ್ನೂ ನಾಲ್ಕು ಬ್ಯಾಂಕುಗಳಿಗೆ ಅರ್ಜಿ ಹಾಕಬೇಡಿ.

ನಿಮ್ಮ ಮೂರೂ ಒಂದೇ ಜಾತಿಯವಲ್ಲ. ವೈಯಕ್ತಿಕ ಸಾಲದ್ದು ಶುದ್ಧ ತಪ್ಪು. ಸಾಲ ಪೂರ್ತಿ ತೀರಿದೆ ಎಂದು ಬ್ಯಾಂಕು ಕೊಟ್ಟ ಬೇಬಾಕಿ ಪತ್ರ ಹುಡುಕಿ ತೆಗೆಯಿರಿ, ಸಿಬಿಲ್ ಜಾಲತಾಣದಲ್ಲೇ ಆಕ್ಷೇಪಣೆ ಸಲ್ಲಿಸಿ, ಅದಕ್ಕೆ ಶುಲ್ಕವಿಲ್ಲ. ಸಿಬಿಲ್ ತಾನಾಗಿ ಏನನ್ನೂ ತಿದ್ದುವುದಿಲ್ಲ, ಸಾಲ ಕೊಟ್ಟವರನ್ನು ಕೇಳಿಯೇ ತಿದ್ದುತ್ತದೆ. ಆದ್ದರಿಂದ ಬ್ಯಾಂಕಿಗೂ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. 30 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿಯಂತೆ ನಿಮಗೆ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರಲ್ಲಿ ಆದೇಶಿಸಿದೆ. ಅದಕ್ಕೂ ಮಣಿಯದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ.

ಕಾರ್ಡಿನದು ತಪ್ಪಲ್ಲ, ನಿಜ. "ಸೆಟಲ್ಡ್" ಎಂದರೆ ಪೂರ್ತಿ ಕೊಡಲಿಲ್ಲ, ಬ್ಯಾಂಕು ಉಳಿದದ್ದನ್ನು ಬಿಟ್ಟುಕೊಟ್ಟಿತು ಎಂದರ್ಥ. ವಸೂಲಿಯವರು ಈ ಮಾತನ್ನು ಹೇಳದೆ ಅರ್ಧಕ್ಕೆ ಒಪ್ಪಿಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಇಂದಿಗೂ ಸಂಕಟವಾಗುತ್ತದೆ. ಇಲ್ಲಿ ಆಕ್ಷೇಪಣೆ ನಿಲ್ಲುವುದಿಲ್ಲ. ಬಿಟ್ಟ ಮೊತ್ತವನ್ನು ಕಟ್ಟುತ್ತೇನೆ, "ಕ್ಲೋಸ್ಡ್" ಎಂದು ವರದಿ ಮಾಡಿ ಎಂದು ಬ್ಯಾಂಕಿಗೆ ಬರೆಯಿರಿ. ಒಪ್ಪಿಗೆ ಕಾಗದದಲ್ಲಿ ಬಂದ ಮೇಲೆಯೇ ಹಣ ಕಟ್ಟಿ.

ಬೈಕ್ ಸಾಲದ ಬಗ್ಗೆ ದೂರು ಕೊಡುವ ಮುನ್ನ ಆ ಖಾತೆಯಲ್ಲಿ ನಿಮ್ಮ ಪಾತ್ರವೇನೆಂದು ತಿಳಿಸುವ "ಓನರ್‌ಶಿಪ್" ಎಂಬ ಸಾಲನ್ನು ಓದಿ ಹೇಳಿ. ತಿಂಗಳುಗಳ ಕೆಳಗಿನ ಅಂಕಿಗಳನ್ನೂ ನೋಡಿ: 000 ಎಂದರೆ ಕಂತು ಬಾಕಿಯಿಲ್ಲ, ಬೇರೆ ಅಂಕಿ ಇದ್ದರೆ ಅಷ್ಟು ದಿನ ಸುಸ್ತಿ.

ಉತ್ತರ 2:
ಸಿಬಿಲ್ ಒಂದನ್ನೇ ನೋಡಿ ಸುಮ್ಮನಾಗಬೇಡಿ. ಅದರಂಥವೇ ಆದ ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಸಂಸ್ಥೆಗಳು ಕೂಡ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ನನ್ನ ವಿಷಯದಲ್ಲಿ ಒಂದು ಕಡೆ ತಿದ್ದಿದ ತಪ್ಪು ಇನ್ನೊಂದು ಕಡೆ ಹಾಗೆಯೇ ಉಳಿದಿತ್ತು. ಹಣ ಕೇಳುವ ಚಂದಾ ಯೋಜನೆಗಳು ಪರದೆಯಲ್ಲಿ ದೊಡ್ಡದಾಗಿ ಕಾಣುತ್ತವೆ, ಉಚಿತ ವರದಿಯ ಕೊಂಡಿಯನ್ನು ಹುಡುಕಿಯೇ ಒತ್ತಿ.

ಪ್ರಶ್ನೆ ಕೇಳಿದವರು:
ಸರ್, ಓದಿದೆ. "ಗ್ಯಾರಂಟರ್" ಎಂದಿದೆ. 2021ರಲ್ಲಿ ಸಹೋದ್ಯೋಗಿಯೊಬ್ಬರು ಶಿಕ್ಷಕರ ಕೊಠಡಿಗೇ ಅರ್ಜಿ ತಂದು, "ಒಂದು ಸಹಿ ಅಷ್ಟೇ ಮೇಡಂ" ಎಂದಿದ್ದರು. ಉತ್ತರ ಪತ್ರಿಕೆಗಳ ಕಟ್ಟಿನ ಮೇಲೆಯೇ ಇಟ್ಟು ಸಹಿ ಮಾಡಿದ್ದು ಈಗ ನೆನಪಾಯಿತು. ಕಳೆದ ತಿಂಗಳ ಕೆಳಗೆ 063 ಇದೆ. ಅವರು ವರ್ಗವಾಗಿ ಹೋಗಿದ್ದಾರೆ.

ಉತ್ತರ 1 (ನಿವೃತ್ತ ಬ್ಯಾಂಕ್ ನೌಕರ, ಸಾಲ ವಿಭಾಗ):
ಹಾಗಾದರೆ ಅದು ನೀವು ಜಾಮೀನು ನಿಂತ ಸಾಲ, ವರದಿಯ ತಪ್ಪಲ್ಲ. ಅದಕ್ಕೆ ಆಕ್ಷೇಪಣೆ ಬೇಡ. ಇವತ್ತೇ ಅವರಿಗೆ ಫೋನ್ ಮಾಡಿ. ಸುಸ್ತಿ 90 ದಿನ ದಾಟಿದರೆ ಸಾಲ ಅನುತ್ಪಾದಕ ಖಾತೆ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲವಾಗುತ್ತದೆ, ಜಾಮೀನು ನಿಂತವರಿಗೂ ನೋಟಿಸು ಬರಬಹುದು. ಅವರು ಕಟ್ಟದಿದ್ದರೆ ಸುಸ್ತಿಯಾದ ಕಂತುಗಳನ್ನು ನೀವೇ ಕಟ್ಟಿ ರಸೀದಿ ಇಟ್ಟುಕೊಳ್ಳಿ. ಆ ಹಣವನ್ನು ಅವರಿಂದ ವಸೂಲು ಮಾಡುವ ಹಕ್ಕು ನಿಮಗಿದೆ.

ಪ್ರಶ್ನೆ ಕೇಳಿದವರು:
ಮಾತನಾಡಿದೆ. ಸೋಮವಾರ ಎರಡು ಕಂತು ಕಟ್ಟುತ್ತಾರಂತೆ. ಬೇಬಾಕಿ ಪತ್ರ ಬೀರುವಿನಲ್ಲಿ ಸಿಕ್ಕಿತು, ಆಕ್ಷೇಪಣೆ ಈಗಷ್ಟೇ ಸಲ್ಲಿಸಿದೆ.