ಪದಚರ್ಚೆ: ಟ್ಯಾಪ್ ನೃತ್ಯದ ಸಪ್ಪಳಕ್ಕೆ ‘ಧ್ವನಿವರ್ಧನೆ’ ಎನ್ನಬಹುದೇ?

ಪ್ರಶ್ನೆ, ಶಿರಸಿಯಿಂದ

ಬಲ್ಲವರಿಗೆ ನಮಸ್ಕಾರ. ನಾಟಕಗಳಿಗೆ ಮೈಕು, ಸ್ಪೀಕರ್ ನೋಡಿಕೊಳ್ಳುವ ಹುಡುಗರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಸಿದ್ಧವಾಗುತ್ತಿದೆ. ಅಮೆರಿಕ, ಇಂಗ್ಲೆಂಡುಗಳ ಮ್ಯೂಸಿಕಲ್ ನಾಟಕಗಳಲ್ಲಿ, ಅಡಿಗೆ ಲೋಹ ಹೊಡೆದ ಶೂ ಹಾಕಿ ನೆಲ ಬಡಿಯುತ್ತಾ ಕುಣಿಯುವ ಟ್ಯಾಪ್ ನೃತ್ಯದ ಕಾಲಿನ ಸದ್ದನ್ನು ಕೊನೆಯ ಸಾಲಿನವರೆಗೆ ಮುಟ್ಟಿಸುವುದು ಹೇಗೆ ಎಂಬ ಅಧ್ಯಾಯವೂ ಅದರಲ್ಲಿದೆ. ಕರಡಿನ ಒಂದು ವಾಕ್ಯ ಹೀಗಿದೆ: “ನರ್ತಕರ ಪಾದಧ್ವನಿಯನ್ನು ಧ್ವನಿವರ್ಧಕದಿಂದ ಗ್ರಹಿಸಿ, ಧ್ವನಿವರ್ಧಕದಲ್ಲಿ ವರ್ಧಿಸಿ, ಹಿಮ್ಮಾಹಿತಿ ಉಂಟಾಗದಂತೆ ಧ್ವನಿವರ್ಧಕಗಳಲ್ಲಿ ಬಿತ್ತರಿಸಬೇಕು.” ಓದಿದವರಿಗೆ ತಲೆಬುಡ ತಿಳಿಯುವುದಿಲ್ಲ. ‘ಪಾದಧ್ವನಿ’ಯೂ ಕಿವಿಗೆ ಒಗ್ಗುತ್ತಿಲ್ಲ. ಶೂವಿನ ಅಡಿಗೆ ಹೊಡೆಯುವ ಲೋಹದ ಬಿಲ್ಲೆಗೆ, ನೆಲದ ಮೇಲೆ ಚಪ್ಪಟೆಯಾಗಿ ಕೂರುವ ಮೈಕಿಗೆ, ಹಲಗೆಯ ಅದಿರನ್ನೇ ಹಿಡಿಯುವ ಮೈಕಿಗೆ ಯಾವ ಪದ ಒಪ್ಪುತ್ತದೆ? ‘ಟ್ಯಾಪ್’ ಅನ್ನು ಹಾಗೇ ಇಡಬಹುದೇ? ಪದದ ಜೊತೆಗೆ ಅದು ಯಾಕೆ ಹೊಂದುತ್ತದೆ ಎಂಬುದನ್ನೂ ಬರೆದರೆ ಉಪಕಾರ.

ಉತ್ತರ, ಹೊನ್ನಾವರದಿಂದ

‘ಧ್ವನಿವರ್ಧಕ’ದ ಗೊಂದಲ ನಿಮ್ಮ ಕರಡಿನದಲ್ಲ, ಬಳಕೆಯದೇ. ‘ರಾತ್ರಿ 10ರ ನಂತರ ಧ್ವನಿವರ್ಧಕ ಬಳಸುವಂತಿಲ್ಲ’ ಎಂದು ಪತ್ರಿಕೆಯಲ್ಲಿ ಬಂದರೆ ಅದು ಸ್ಪೀಕರು. ಆಡುಮಾತಿನಲ್ಲಿ ‘ಮೈಕು’ ಇನ್ನೂ ಅಗಲ. ‘ದೇವಸ್ಥಾನದಲ್ಲಿ ಮೈಕು ಕೇಳ್ತಾ ಇದೆ’ ಎಂದರೆ ಮರಕ್ಕೆ ಕಟ್ಟಿದ ಹಾರ್ನು, ‘ಮೈಕು ಕೊಡಿ’ ಎಂದರೆ ಕೈಯಲ್ಲಿ ಹಿಡಿದು ಮಾತಾಡುವುದು, ‘ಮೈಕಿನವರು ಬಂದ್ರಾ’ ಎಂದರೆ ಇಡೀ ಸೆಟ್ಟು. ಆಡುವಾಗ ಸಂದರ್ಭ ಕೈ ಹಿಡಿಯುತ್ತದೆ, ಕೈಪಿಡಿಯಲ್ಲಿ ಹಿಡಿಯುವುದಿಲ್ಲ. ಮೈಕು, ಆಂಪ್ಲಿಫೈಯರ್, ಸ್ಪೀಕರ್ ಎಂದು ಮೂರನ್ನೂ ಬಿಡಿಸಿ ಬರೆಯಿರಿ. ಕ್ರಿಯಾಪದಗಳನ್ನು ಮಾತ್ರ ಅಚ್ಚಗನ್ನಡದಲ್ಲಿ ಇಡಿ: ಮೈಕು ಹಿಡಿಯುತ್ತದೆ, ಆಂಪ್ಲಿಫೈಯರ್ ಹಿಗ್ಗಿಸುತ್ತದೆ, ಸ್ಪೀಕರ್ ಕೇಳಿಸುತ್ತದೆ. ಧ್ವನಿಗ್ರಾಹಕ, ಪ್ರವರ್ಧಕ ಎಂಬ ಪಠ್ಯಪುಸ್ತಕದ ಪದಗಳಿಗೆ ಅವುಗಳ ಜಾಗ ಇದೆ. ಆದರೆ ಸೈಡ್‌ವಿಂಗಿನ ಕತ್ತಲಲ್ಲಿ ಅವಸರದಿಂದ ಕೈ ಚಾಚುವವನ ಬಾಯಲ್ಲಿ ಅವು ಬರುವುದಿಲ್ಲ.

‘ಪಾದಧ್ವನಿ’ ಬಿಟ್ಟು ‘ಸಪ್ಪಳ’ ಎನ್ನಿ. ಧ್ವನಿ ಎಂದೊಡನೆ ಕಂಠ ನೆನಪಾಗುತ್ತದೆ, ನಾದ ಎಂದೊಡನೆ ಶ್ರುತಿ. ಒಂದು ವಸ್ತು ಇನ್ನೊಂದಕ್ಕೆ ತಾಗಿ ಹುಟ್ಟುವುದು ಸಪ್ಪಳ: ಹೆಜ್ಜೆ ಸಪ್ಪಳ, ಗೆಜ್ಜೆ ಸಪ್ಪಳ, ಬಾಗಿಲ ಸಪ್ಪಳ. ನಿಮ್ಮ ಕಡೆಯ ಮನೆಗಳಲ್ಲಿ ಮಕ್ಕಳಿಗೆ ‘ಸಪ್ಪಳ ಮಾಡಡ’ ಎನ್ನುವ ಮಾತು ಇಂದಿಗೂ ಜೀವಂತ ಇದೆ. ಟ್ಯಾಪ್‌ನಲ್ಲಿ ಇರುವುದೆಲ್ಲ ತಾಗುವಿಕೆಯೇ ಆದ್ದರಿಂದ ಇದಕ್ಕಿಂತ ಸರಿಯಾದ ಪದ ಸಿಗಲಾರದು.

‘ಟ್ಯಾಪ್ ನೃತ್ಯ’ ಎಂಬ ಹೆಸರನ್ನು ಹಾಗೇ ಇಡಿ. ಕಥಕ್ ಎಂದರೆ ಕಥಕ್, ಟ್ಯಾಪ್ ಎಂದರೆ ಟ್ಯಾಪ್. ‘ತಟ್ಟುನೃತ್ಯ’ ಎಂದರೆ ಭರತನಾಟ್ಯದ ತಟ್ಟಡವು ಬಲ್ಲವರು ದಾರಿ ತಪ್ಪುತ್ತಾರೆ. ‘ಮೆಟ್ಟುಕುಣಿತ’ ಎಂದು ಕೆಲವರಿಗೆ ಆಸೆ ಹುಟ್ಟಬಹುದು. ಮೆಟ್ಟು ಎಂದರೆ ತುಳಿಯುವುದೂ ಹೌದು, ಕಾಲಿಗೆ ಹಾಕುವ ಮೆಟ್ಟೂ ಹೌದು. ಆದರೆ ಮೆಟ್ಟುವುದರಲ್ಲಿ ಭಾರ ಹಾಕಿ ಒತ್ತಿ ಹಿಡಿಯುವ ಅರ್ಥ ಇದೆ. ಮೆಟ್ಟುಗತ್ತಿಯ ಮಣೆಯನ್ನು ಕಾಲಲ್ಲಿ ಮೆಟ್ಟಿ ಹಿಡಿದರೆ ಅದು ಅಲ್ಲಾಡುವುದಿಲ್ಲ, ಅದಕ್ಕೇ ಆ ಹೆಸರು. ಟ್ಯಾಪ್‌ನ ಬಹುಪಾಲು ಹೆಜ್ಜೆಗಳಲ್ಲಿ ಇದರ ವಿರುದ್ಧ ನಡೆಯುತ್ತದೆ. ಪಾದದ ಗೆಣ್ಣು ಸಡಿಲ ಇರಬೇಕು, ಲೋಹ ನೆಲಕ್ಕೆ ತಾಗಿದ್ದೇ ಕಾಲು ಮೇಲೇಳಬೇಕು. ಒತ್ತಿ ಹಿಡಿದರೆ ಸಪ್ಪಳ ಅಲ್ಲೇ ಉಸಿರು ಕಟ್ಟುತ್ತದೆ.

ಲೋಹದ ಬಿಲ್ಲೆಗೆ ‘ಟ್ಯಾಪ್’ ಎಂದು ಮಾತ್ರ ಬರೆಯಬೇಡಿ. ಕನ್ನಡದಲ್ಲಿ ಟ್ಯಾಪ್ ಎಂದರೆ ನಲ್ಲಿ, ಫೋನಿನ ಜೊತೆ ಬಂದರೆ ಕದ್ದಾಲಿಕೆ. ಇದಕ್ಕೆ ನಮ್ಮಲ್ಲಿ ಬಹಳ ಹಿಂದಿನಿಂದ ಪದ ಇದೆ: ಲಾಳ. ಎತ್ತಿಗೆ, ಕುದುರೆಗೆ, ಬೂಟಿನ ಹಿಮ್ಮಡಿಗೆ ಹೊಡೆಸುವುದು ಲಾಳವೇ. ಟ್ಯಾಪ್ ಶೂವಿಗೆ ಎರಡು: ಮುಂಗಾಲ ಲಾಳ, ಹಿಮ್ಮಡಿ ಲಾಳ. ಸಾಮಾನ್ಯವಾಗಿ ಅಲ್ಯೂಮಿನಿಯಂ ಮಿಶ್ರಲೋಹದವು, ಸ್ಕ್ರೂಗಳಿಂದ ಕೂರಿಸಿದವು. ಎತ್ತಿನ ಲಾಳವನ್ನು ಅಲ್ಲಾಡದ ಹಾಗೆ ಮೊಳೆ ಹೊಡೆದು ಬಿಗಿಯುತ್ತಾರೆ. ಟ್ಯಾಪ್ ಲಾಳದ ಸ್ಕ್ರೂವನ್ನು ಕೆಲವು ನರ್ತಕರು ಕಾಲು ಸುತ್ತು ಸಡಿಲಿಸಿ ಇಡುತ್ತಾರೆ, ಆಗ ಲೋಹ ಅಡಿಗೆ ಬಡಿದು ಸಪ್ಪಳ ದಪ್ಪಗಾಗುತ್ತದೆ. ಅದಕ್ಕಿಂತ ಸಡಿಲಾದರೆ ಒಂದು ಏಟಿಗೆ ಎರಡು ಸಪ್ಪಳ ಬರುತ್ತದೆ, ಸ್ಕ್ರೂ ತಲೆ ಹೊರಬಂದು ಹಲಗೆಯನ್ನು ಗೀರುತ್ತದೆ. ಮೈಕಿನಲ್ಲಿ ಚಿರಿಚಿರಿ ಕೇಳಿದರೆ ಮಿಕ್ಸರಿನ ಗುಂಡಿ ತಿರುಗಿಸುವ ಮೊದಲು ಶೂ ತಿರುಗಿಸಿ ನೋಡಬೇಕು ಎಂದು ಕೈಪಿಡಿಯಲ್ಲಿ ದಪ್ಪಕ್ಷರದಲ್ಲಿ ಹಾಕಿ. ಟ್ಯಾಪ್ ಶೂವಿಗೆ ಲಾಳ ವ್ಯಾಪಕವಾಗಿ ಬಂದದ್ದು 20ನೇ ಶತಮಾನದಲ್ಲಿ. ಅದಕ್ಕೂ ಮೊದಲು ಮರದ ಅಡಿಯ ಶೂಗಳು ಬಳಕೆಯಲ್ಲಿದ್ದವು. ಅಮೆರಿಕದ ಹೆಸರಾಂತ ಟ್ಯಾಪ್ ನರ್ತಕ ಬಿಲ್ ರಾಬಿನ್ಸನ್ ಕುಣಿದದ್ದು ಮರದ ಅಡಿಯಲ್ಲೇ. ನಮ್ಮ ಹಾವುಗೆ ಮೆಟ್ಟಿ ಜಗಲಿಯಲ್ಲಿ ನಡೆದರೆ ಕೇಳುವ ಸಪ್ಪಳಕ್ಕೆ ಅದು ಹತ್ತಿರ.

ಇನ್ನು ಮುಖ್ಯ ಸಂಗತಿ. ಟ್ಯಾಪ್‌ನಲ್ಲಿ ಕೇಳುವುದು ಲಾಳ ಮಾತ್ರ ಅಲ್ಲ, ಹಲಗೆ. ಕನ್ನಡದಲ್ಲಿ ‘ಹಲಗೆ’ಗೆ ಮರದ ಹಲಗೆ ಎಂಬ ಅರ್ಥವೂ ಇದೆ, ಬಡಿಯುವ ವಾದ್ಯ ಎಂಬ ಅರ್ಥವೂ ಇದೆ. ಈ ಅಧ್ಯಾಯಕ್ಕೆ ಇದೊಂದು ಪದವೇ ಬೀಗದಕೈ. ಮೆತ್ತಿನ, ಅಂದರೆ ಹಲಗೆ ಹಾಸಿದ ಮಹಡಿಯ, ಮೇಲೆ ಯಾರಾದರೂ ನಡೆದರೆ ಕೆಳಗೆ ಕೂತವರಿಗೆ ಪ್ರತಿ ಹೆಜ್ಜೆ ಕೇಳುತ್ತದಲ್ಲ? ಹಲಗೆಯ ಕೆಳಗೆ ಟೊಳ್ಳು ಇದೆ. ಅದೇ ಮನುಷ್ಯ ಚಿರೆಕಲ್ಲು ತುಂಬಿ ಕಾಂಕ್ರೀಟ್ ಹಾಕಿದ ಊರ ವೇದಿಕೆಯ ಮೇಲೆ ಲಾಳ ಹೊಡೆದ ಶೂ ಹಾಕಿ ಕುಣಿದರೂ ಬರುವುದು ಒಣ ಚಿಟಿಚಿಟಿ ಮಾತ್ರ. ಜೊತೆಗೆ ಮೊಣಕಾಲ ಕೆಳಗಿನ ಎಲುಬಿಗೆ ನೋವು. ಅಂಥಲ್ಲಿ ಎಷ್ಟು ಬೆಲೆಯ ಮೈಕು ತಂದರೂ ಇಲ್ಲದ ಸಪ್ಪಳವನ್ನು ಅದು ಹಿಡಿಯಲಾರದು. 18 ಮಿ.ಮೀ. ದಪ್ಪದ 8×4 ಅಡಿಯ ಪ್ಲೈವುಡ್ ಹಾಳೆಗಳಿಗೆ ಕೆಳಗಿನಿಂದ 2 ಇಂಚಿನ ರೀಪು ಹೊಡೆದು, ರೀಪಿಗೆ ಅಲ್ಲಲ್ಲಿ ರಬ್ಬರ್ ತುಂಡು ಕೊಟ್ಟು ಹಾಸಬೇಕು. ಸ್ಕ್ರೂ ಕೆಳಗಿನಿಂದಲೇ ಹೋಗಬೇಕು, ಮೇಲೆ ತಲೆ ಕಂಡರೆ ಲಾಳ ಸಿಕ್ಕಿಕೊಳ್ಳುತ್ತದೆ. ಎರಡು ಹಾಳೆಗಳನ್ನು ಕೆಳಗೆ ಪಟ್ಟಿ ಹಾಕಿ ಬೆಸೆಯದಿದ್ದರೆ ಸಂದಿನಲ್ಲಿ ಕಟಕಟ ಎನ್ನುತ್ತದೆ, ನರ್ತಕ ಇಟ್ಟದ್ದು ಮೂರು ಹೆಜ್ಜೆಯಾದರೆ ಮೈಕು ಐದು ಕೇಳಿಸುತ್ತದೆ. ಕರಾವಳಿಯ ತೇವಕ್ಕೆ ಸಾದಾ ಪ್ಲೈ ಉಬ್ಬಿ ಪದರ ಬಿಡುವುದರಿಂದ ಮರೀನ್ ಪ್ಲೈ ಬೇಕು. ಮೇಲೆ ಜಮಖಾನೆ, ಮ್ಯಾಟು ಏನೂ ಬೇಡ.

ನೆಲದ ಮೇಲೆ ಕೂರುವ ಮೈಕಿಗೆ ‘ನೆಲಮೈಕು’. ಇಂಗ್ಲಿಷಿನ ‘ಬೌಂಡರಿ ಮೈಕ್’ ನೋಡಿ ಕರಡಿನಲ್ಲಿ ‘ಗಡಿ ಮೈಕು’ ಎಂದಿದ್ದರೆ ತೆಗೆಯಿರಿ, ಆ ಬೌಂಡರಿ ಎಂದರೆ ಇಲ್ಲಿ ನೆಲದ ಮೇಲ್ಮೈ. ಹೆಸರಿನಲ್ಲಿ ನೆಲ ಇರಬೇಕಾದ್ದು ಯಾಕೆಂದರೆ ನೆಲ ಆ ಮೈಕಿನ ಅಂಗ. ಸ್ಟ್ಯಾಂಡಿನ ಮೇಲೆ ಎರಡು ಅಡಿ ಎತ್ತರದಲ್ಲಿಟ್ಟ ಮೈಕಿಗೆ ಸಪ್ಪಳ ನೇರವಾಗಿ ಒಮ್ಮೆ, ನೆಲಕ್ಕೆ ತಾಗಿ ಪುಟಿದು ತುಸು ತಡವಾಗಿ ಇನ್ನೊಮ್ಮೆ ಬರುತ್ತದೆ. ಎರಡೂ ಸೇರುವಾಗ ಕೆಲವು ಆವರ್ತನಗಳು ಅಳಿಸಿಹೋಗುತ್ತವೆ. ನೆಲಕ್ಕೆ ಅಂಟಿದ ಮೈಕಿಗೆ ಎರಡೂ ಒಟ್ಟಿಗೇ ಬಂದು 6 ಡೆಸಿಬೆಲ್ ಹೆಚ್ಚುತ್ತದೆ. ರಂಗಭೂಮಿಯಲ್ಲಿ ಬಹಳ ಬಳಕೆಯಾದ ಕ್ರೌನ್ ಪಿಸಿಸಿ-160 ಇಂಥದ್ದು. ಮುಂದಿನ ಕಡೆಯಿಂದ ಚೆನ್ನಾಗಿ ಹಿಡಿಯುತ್ತದೆ, ಹಿಂದಿನಿಂದ, ಅಂದರೆ ಪ್ರೇಕ್ಷಕರು ಮತ್ತು ವಾದ್ಯದವರ ಕಡೆಯಿಂದ, ಕಡಿಮೆ. ಅಡಿಗೆ ಕಂಪ್ಯೂಟರಿನ ಮೌಸ್ ಪ್ಯಾಡಿನಂಥ ತೆಳು ರಬ್ಬರ್ ಹಾಳೆ ಇರಲಿ. ಇಲ್ಲದಿದ್ದರೆ ಹಲಗೆಯ ಧಡ್ ಧಡ್ ನೇರವಾಗಿ ಮೈಕಿಗೆ ಹತ್ತುತ್ತದೆ.

ಅಂತರದ ಲೆಕ್ಕವನ್ನು ಪೂರ್ತಿ ಬರೆಯಿರಿ. ಮೈಕಿನಿಂದ ಕಾಲಿಗೆ 1 ಮೀಟರ್ ಇದ್ದರೆ ಮೈಕಿನಿಂದ ಮೈಕಿಗೆ 3 ಮೀಟರಾದರೂ ಬೇಕು. ಹಾಗಾಗಿ 9 ಮೀಟರ್ ಅಗಲದ ರಂಗಕ್ಕೆ ಮುಂಚಾಚಿನಲ್ಲಿ (ಪ್ರೇಕ್ಷಕರ ಕಡೆಯ ಅಂಚಿನಲ್ಲಿ) ಮೂರು ಸಾಕು. ಧೈರ್ಯಕ್ಕೆಂದು ಆರು ಇಟ್ಟರೆ ಒಂದೇ ಸಪ್ಪಳ ಎರಡು ಮೂರು ಮೈಕುಗಳಿಗೆ ಹಿಂದೆಮುಂದೆ ತಲುಪಿ, ಡಬ್ಬಿಯೊಳಗೆ ಕುಟ್ಟಿದ ಹಾಗೆ ಟೊಳ್ಳಾಗುತ್ತದೆ. ತೆರೆದ ಮೈಕುಗಳ ಸಂಖ್ಯೆ ಎರಡರಷ್ಟಾದಾಗಲೆಲ್ಲ, ಮೈಕು ಕುಂಯ್ ಎಂದು ಕೂಗುವ ಮೊದಲು ಏರಿಸಬಹುದಾದ ಮಟ್ಟ 3 ಡೆಸಿಬೆಲ್ ಇಳಿಯುತ್ತದೆ. ನರ್ತಕ 1 ಮೀಟರಿನಿಂದ 3 ಮೀಟರ್ ಹಿಂದೆ ಸರಿದರೆ ಸಪ್ಪಳ ಸುಮಾರು 9.5 ಡೆಸಿಬೆಲ್ ಬೀಳುತ್ತದೆ. ಅದನ್ನು ಸರಿಪಡಿಸುವವನು ನೃತ್ಯ ನಿರ್ದೇಶಕ, ಮಿಕ್ಸರಿನವನಲ್ಲ. ಮುಖ್ಯ ಟ್ಯಾಪ್ ಭಾಗವನ್ನು ಮುಂದಿನ ಎರಡು ಮೀಟರಿನೊಳಗೆ ಕಟ್ಟಬೇಕು.

ಮೇಲೆ ‘ಕೂಗುವ’ ಎಂದು ಬರೆದದ್ದು ನಿಮ್ಮ ‘ಹಿಮ್ಮಾಹಿತಿ’ಗೆ. ಹಿಮ್ಮಾಹಿತಿ ಎಂದರೆ ತರಬೇತಿ ಮುಗಿದ ಮೇಲೆ ಬರೆಸಿಕೊಳ್ಳುವ ಅಭಿಪ್ರಾಯ. ಸ್ಪೀಕರಿನ ಸದ್ದು ಮತ್ತೆ ಮೈಕಿಗೆ ಹೊಕ್ಕು ಸುತ್ತುವುದಕ್ಕೆ ‘ಮೈಕು ಕೂಗುತ್ತದೆ’ ಎಂಬ ಮಾತು ಇದೆ, ‘ಕೂಗು’ ಎಂಬ ನಾಮಪದ ತಾನಾಗೇ ಸಿಗುತ್ತದೆ. ಟ್ಯಾಪ್‌ನಲ್ಲಿ ಕೂಗಿನ ತೊಂದರೆ ಹೆಚ್ಚು. ಲಾಳದ ಚುರುಕು ಇರುವುದು 2ರಿಂದ 5 ಕಿಲೋಹರ್ಟ್ಸ್ ಆಸುಪಾಸಿನಲ್ಲಿ, ಮೈಕು ಕೂಗುವುದೂ ಬಹಳ ಸಲ ಅಲ್ಲೇ. ಕೂಗು ನಿಲ್ಲಿಸಲು ಅಲ್ಲಿ ಕತ್ತರಿಸುತ್ತಾ ಹೋದರೆ ಲಾಳವೂ ಹೋಗುತ್ತದೆ. ಉಳಿಯುವುದು ಬರೇ ಧಡ್. ಕತ್ತರಿಸಬೇಕಾದ್ದು ಕೆಳಗೆ, 120ರಿಂದ 150 ಹರ್ಟ್ಸ್‌ಗಿಂತ ತಗ್ಗಿನದು.

ಮರುಪ್ರಶ್ನೆ, ಕಾರವಾರದಿಂದ

ನೆಲಮೈಕು ಒಪ್ಪಿಗೆ. ಲಾಳಕ್ಕೆ ನಮ್ಮ ಕಡೆ ಕೊಂಕಣಿ ಪ್ರಭಾವದಿಂದ ‘ನಾಲು’ ಎನ್ನುವವರೂ ಇದ್ದಾರೆ, ಅಡಿಟಿಪ್ಪಣಿಯಲ್ಲಿ ಕೊಡಿ. ಹಲಗೆಯ ಅದಿರು ಹಿಡಿಯುವುದಕ್ಕೆ ‘ಸ್ಪರ್ಶಮೈಕು’ ಸರಿಯಲ್ಲವೇ? ನರ್ತಕರ ಕಾಲಿಗೇ ಮೈಕು ಕಟ್ಟುತ್ತಾರಲ್ಲ, ಅದಕ್ಕೆ ಏನನ್ನಬೇಕು?

ಉತ್ತರ, ಹೊನ್ನಾವರದಿಂದ

ಸ್ಪರ್ಶ ಎಂದರೆ ಮುಟ್ಟಿದರೆ ಸಾಕು ಅನಿಸುತ್ತದೆ, ಮುಟ್ಟಿದರೆ ಸಾಲದು. ಅದಿರನ್ನು ವಿದ್ಯುತ್ತಾಗಿಸುವ ಪಿಯೆಜೋ ಬಿಲ್ಲೆಯನ್ನು ಹಲಗೆಯ ತಳಕ್ಕೆ ಎಲ್ಲೂ ಗಾಳಿ ಉಳಿಯದಂತೆ ಅಂಟಿಸಬೇಕು. ಒಂದು ಅಂಚು ಎದ್ದರೂ ಝರ್ ಎನ್ನುತ್ತದೆ. ‘ಅಂಟುಮೈಕು’ ಎಂದರೆ ಹೆಸರೇ ಕೆಲಸ ಹೇಳಿಕೊಡುತ್ತದೆ. ಇದು ಹಾಡುಗಾರರ ದನಿಯನ್ನು ಹೆಚ್ಚುಕಡಿಮೆ ಹಿಡಿಯುವುದೇ ಇಲ್ಲ, ಆದ್ದರಿಂದ ವಾದ್ಯಗಳ ಅಬ್ಬರ ಇರುವಲ್ಲಿ ಉಪಯೋಗ. ಎರಡು ತೊಡಕು ಇವೆ. ಹಾಳೆಯ ಸಂದು ಬಂದಲ್ಲಿ ಅದಿರು ಮುಂದಕ್ಕೆ ಸರಿಯಾಗಿ ದಾಟುವುದಿಲ್ಲ, ಹಾಗಾಗಿ ಹಾಳೆಗೊಂದು ಬೇಕು. ಮಿಕ್ಸರಿನ ಮೈಕಿನ ತೂತಿಗೆ ನೇರ ಸಿಕ್ಕಿಸಿದರೆ ಸಪ್ಪಳ ಬಡಕಲಾಗುತ್ತದೆ. ಪಿಯೆಜೋಗೆ 1 ಮೆಗಾಓಮ್ ಅಥವಾ ಹೆಚ್ಚಿನ ಪ್ರತಿಬಾಧೆಯ (ಇಂಪೀಡೆನ್ಸಿನ) ಪ್ರೀಆಂಪ್, ಅಂದರೆ ಮೊದಲ ಹಂತದ ಸಣ್ಣ ಆಂಪ್ಲಿಫೈಯರ್, ನಡುವೆ ಇರಲೇಬೇಕು. ಅಂಟುಮೈಕಿನ ಸಪ್ಪಳದಲ್ಲಿ ಮರ ಹೆಚ್ಚು, ಲೋಹ ಕಡಿಮೆ. ಅದಕ್ಕೇ ನೆಲಮೈಕಿನ ಜೊತೆ ಬೆರೆಸಬೇಕು, ಒಂಟಿಯಾಗಿ ನಂಬುವಂತಿಲ್ಲ.

ಕಾಲಿಗೆ ಕಟ್ಟುವುದು ‘ಕಾಲ್ಮೈಕು’. ಗುಂಡಿಯಷ್ಟು ಸಣ್ಣ ಮೈಕನ್ನು ಗೆಣ್ಣಿನ ಬಳಿ ಕೆಳಮುಖವಾಗಿ ಕೂರಿಸಿ, ಟ್ರಾನ್ಸ್‌ಮಿಟರನ್ನು ಮೀನಖಂಡಕ್ಕೆ ಎಲಾಸ್ಟಿಕ್ ಪಟ್ಟಿಯಲ್ಲಿ ಬಿಗಿಯುತ್ತಾರೆ. ಏಕವ್ಯಕ್ತಿ ನೃತ್ಯಕ್ಕೆ ಇದಕ್ಕಿಂತ ಸ್ಪಷ್ಟವಾದದ್ದು ಇಲ್ಲ. ಇಪ್ಪತ್ತು ಜನರ ಸಾಲಿಗೆ ಇದು ಆಗದ ಮಾತು, ಅಷ್ಟು ಫ್ರೀಕ್ವೆನ್ಸಿ ಹೊಂದಿಸಬೇಕು. ಇಬ್ಬರು ಮೂವರಿಗೆ ಕಟ್ಟಿ ಉಳಿದವರನ್ನು ನೆಲಮೈಕಿಗೆ ಬಿಡುತ್ತಾರೆ. ಕೆಡುವುದು ಬಹುತೇಕ ವೈರು, ಗೆಣ್ಣು ಮಡಚುವಲ್ಲಿ ಒಳಗೇ ತುಂಡಾಗುತ್ತದೆ. ಅಲ್ಲಿ ಒಂದು ಸುತ್ತು ಸಡಿಲ ಬಿಟ್ಟು ಟೇಪು ಹಾಕಬೇಕು. ಇನ್ನೊಂದು ತಪ್ಪು ಗೇಟಿನದು, ಅಂದರೆ ಸದ್ದು ಇಲ್ಲದಾಗ ಮೈಕನ್ನು ತಾನೇ ಮುಚ್ಚುವ ಏರ್ಪಾಟಿನದು. ಕುಣಿಯದಾಗ ಮೈಕು ಮುಚ್ಚಿರಲೆಂದು ಗೇಟು ಹಾಕುತ್ತಾರೆ. ಅದು ತೆರೆಯಲು 1 ಮಿಲಿಸೆಕೆಂಡಿಗಿಂತ ಹೆಚ್ಚು ತೆಗೆದುಕೊಂಡರೆ ಸಪ್ಪಳದ ಮೊನೆ ಹೋಗಿ, ಲಾಳದ ಬದಲು ಒದ್ದೆ ಬಟ್ಟೆ ಬಡಿದಂತೆ ಕೇಳುತ್ತದೆ.

ಕಾರವಾರದವರಿಗೆ ಇದನ್ನು ಬೇರೆ ಹೇಳಬೇಕಿಲ್ಲವಾದರೂ ಕೈಪಿಡಿಗೆ ಸೇರಿಸಿ: ಕಡಲ ಗಾಳಿಗೆ ಕನೆಕ್ಟರಿನ ಪಿನ್ನು ಕಿಲುಬು ಹಿಡಿಯುತ್ತದೆ, ಕಂಡೆನ್ಸರ್ ಮೈಕು ತೇವ ಹೀರಿ ಪಟಪಟ ಎನ್ನುತ್ತದೆ. ಆಟ ಮುಗಿದ ಕೂಡಲೇ ಒರೆಸಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿ ಗಾಳಿಯಾಡದ ಡಬ್ಬಿಗೆ ಸೇರಿಸಬೇಕು.

ಮತ್ತೆ ಶಿರಸಿಯಿಂದ

ಎಲ್ಲ ಪದಗಳೂ ಕೂತವು. ಒಂದು ಉಳಿದಿದೆ. ಇದೇ ಅಧ್ಯಾಯವನ್ನು ಓದಿ ನಮ್ಮ ಹುಡುಗರು ಯಕ್ಷಗಾನದ ರಂಗಸ್ಥಳಕ್ಕೂ ನೆಲಮೈಕು ಇಟ್ಟರೆ?

ಉತ್ತರ, ಹೊನ್ನಾವರದಿಂದ

ಇಡದಿರಲಿ ಎಂದೇ ಬರೆಯಿರಿ. ರಂಗಸ್ಥಳದ ಮುಂಚಾಚಿನ ನೆಲಮೈಕು ಹಿಡಿಯುವುದು ಮೊದಲು ಚೆಂಡೆಯನ್ನು, ಆಮೇಲೆ ಗೆಜ್ಜೆಯನ್ನು. ಕಲಾವಿದನ ಕಾಲಡಿಗೆ ಲಾಳ ಇಲ್ಲ. ಹೆಜ್ಜೆ ಹಲಗೆಗೆ ಬಿದ್ದ ಸದ್ದು ತಗ್ಗಿನಲ್ಲಿದೆ, ಗೆಜ್ಜೆಯ ಕಿಣಿಕಿಣಿ ಬಹಳ ಮೇಲಿದೆ. 150 ಹರ್ಟ್ಸ್ ಕೆಳಗೆ ಕತ್ತರಿಸುವ ಟ್ಯಾಪ್ ಲೆಕ್ಕ ಇಲ್ಲಿ ಹೆಜ್ಜೆಯನ್ನೇ ಕತ್ತರಿಸುತ್ತದೆ. ಹೆಜ್ಜೆ ಕೇಳಲೇಬೇಕಾದ ಕಡೆ ಅಂಟುಮೈಕೊಂದನ್ನು ರಂಗಸ್ಥಳದ ನಡು ಹಲಗೆಯ ತಳಕ್ಕೆ, ಚೆಂಡೆಯವರು ಇರುವ ಹಲಗೆಗೆ ತಾಗದಂತೆ ಹಾಕಬಹುದು. ಮಟ್ಟ ತೀರಾ ಕಡಿಮೆ ಇರಲಿ, ಚೆಂಡೆ ನಿಂತ ಕ್ಷಣದಲ್ಲಿ ಮಾತ್ರ ಗೊತ್ತಾಗುವಷ್ಟು.

ನಿಮ್ಮ ವಾಕ್ಯ ಹೀಗಾಗಬಹುದು: “ಟ್ಯಾಪ್ ನರ್ತಕರ ಹೆಜ್ಜೆ ಸಪ್ಪಳವನ್ನು ನೆಲಮೈಕು, ಅಂಟುಮೈಕುಗಳಲ್ಲಿ ಹಿಡಿದು, ಆಂಪ್ಲಿಫೈಯರಿನಲ್ಲಿ ಹಿಗ್ಗಿಸಿ, ಮೈಕು ಕೂಗದಷ್ಟು ಮಟ್ಟದಲ್ಲಿ ಸ್ಪೀಕರಿನಿಂದ ಕೇಳಿಸಬೇಕು.” ‘ಹಿಗ್ಗಿಸಿ’ ಬದಲು ‘ಹೆಚ್ಚಿಸಿ’ ಎಂದರೂ ನಡೆಯುತ್ತದೆ. ‘ವರ್ಧಿಸಿ’ ಬೇಡ.